ಮದ್ದು ಬಿಡುವ ಮಾಯಿಲಪ್ಪ

ಅಡಿಕೆ ಮರ ಹತ್ತುವವರು ಪಂಜ ಸೀಮೆಯಲ್ಲಿ ಎಷ್ಟು ಬೇಕಾದರೂ ಸಿಕ್ಕಾರು. ಮಾಯಿಲಪ್ಪ ಮಾತ್ರ ಈ ಭೂಮಿಯ ಮೇಲೆ ಒಬ್ಬನೇ. ಮಳೆಗೆ ಮುಂಚೆ, ಕೊಳೆರೋಗ ತಾಗದ ಹಾಗೆ, ಮೈಲುತುತ್ತು ಮತ್ತು ಸುಣ್ಣ ಕಲಸಿದ ನೀಲಿ ನೀರನ್ನು ಅಡಿಕೆ ಗೊನೆಗಳಿಗೆ ಹಾರಿಸುತ್ತಾರಲ್ಲ, ಅದಕ್ಕೆ ಇಲ್ಲಿ ಮದ್ದು ಬಿಡುವುದು ಎನ್ನುತ್ತಾರೆ. ಮಾಯಿಲಪ್ಪ ಬೆಳಿಗ್ಗೆ ತೋಟದ ಈ ಬದಿಯ ಮರ ಹತ್ತಿದನೆಂದರೆ ಇಳಿಯುವುದು ಸಂಜೆ, ಆ ಬದಿಯ ಮರದಿಂದ. ನಡುವೆ ನೆಲ ಎಂಬುದೊಂದು ಉಂಟು ಎನ್ನುವುದನ್ನೇ ಅವನು ಮರೆಯುತ್ತಿದ್ದ. ಮರವನ್ನು ತೂಗಿ, ಬಗ್ಗಿಸಿ, ಪಕ್ಕದ ಮರದ ಕುತ್ತಿಗೆ ಹಿಡಿದು ದಾಟುವಾಗ ಮಂಗಗಳು ಮರಿಗಳನ್ನು ಕರೆತಂದು ಸಾಲಾಗಿ ಕೂರಿಸಿ ನೋಡಿ ಕಲಿಯಿರಿ ಎನ್ನುತ್ತಿದ್ದವು. ಇದಕ್ಕೆ ಸಾಕ್ಷಿ ಅವನ ಭಾವ ಸೀನ. ಸೀನನ ಮಾತಿನಲ್ಲಿ ಮುಕ್ಕಾಲು ಪಾಲು ತೆಗೆದು ತೋಡಿನ ನೀರಿಗೆ ಎಸೆದರೂ ಉಳಿದ ಕಾಲು ಪಾಲಿನಲ್ಲಿ ಒಂದು ಊರು ಉಣ್ಣಬಹುದು.

ಸೀನನ ಜಾಗ ಮರದ ಬುಡ. ಡ್ರಮ್ಮಿನಲ್ಲಿ ನೀಲಿ ನೀರು ಕಲಸುವುದು, ಪಂಪಿನ ಹಿಡಿಯನ್ನು ಹಿಂದೆ ಮುಂದೆ ಎಳೆಯುವುದು. ಮೇಲೆ ಭಾವಮೈದ, ಕೆಳಗೆ ಭಾವ, ನಡುವೆ ಹೊಕ್ಕುಳ ಬಳ್ಳಿಯ ಹಾಗೆ ಒಂದು ಉದ್ದ ಪೈಪು. ಮೇಲಿಂದ "ಹಾಂ ಭಾವ" ಎಂದರೆ ಎಳೆಯಬೇಕು, "ಸಾಕು ಭಾವ" ಎಂದರೆ ನಿಲ್ಲಿಸಬೇಕು. ಉಳಿದ ಹೊತ್ತು ಸೀನ ಕೆಳಗಿನಿಂದ ಸುಳ್ಳು ಹೇಳುತ್ತಿದ್ದ, ಮಾಯಿಲಪ್ಪ ಮೇಲಿಂದ ನಗುತ್ತಿದ್ದ. ಅವನು ನಕ್ಕರೆ ಮರ ಅಲುಗಿ ಹಣ್ಣಡಿಕೆ ಉದುರುತ್ತಿತ್ತು ಎಂದು ಸೀನ ಹೇಳುತ್ತಾನೆ, ಇರಲಿ.

ಮಾಯಿಲಪ್ಪ ಸೀನನ ಹೆಂಡತಿ ಸುಂದರಿಯ ತಮ್ಮ. ತಾಯಿ ಇಲ್ಲದ ಹುಡುಗ. ಅಕ್ಕನ ಮದುವೆಯ ದಿನ ಅವಳ ಸೆರಗು ಹಿಡಿದು ದಿಬ್ಬಣದ ಜೀಪು ಹತ್ತಿದವನು ಮತ್ತೆ ಇಳಿಯಲೇ ಇಲ್ಲ. ಸೀನ ಅವನನ್ನು ಮಗ ಎಂದೂ ಕರೆಯಲಿಲ್ಲ, ತಮ್ಮ ಎಂದೂ ಕರೆಯಲಿಲ್ಲ, ಆದರೆ ಸಂತೆಯಲ್ಲಿ ಮೀನು ಕೊಳ್ಳುವಾಗ ಅವನಿಗೆ ಮುಳ್ಳು ಕಡಿಮೆ ಇರುವುದನ್ನೇ ಹುಡುಕುತ್ತಿದ್ದ.

ಆ ವರ್ಷ ತಿರುಮಲೇಶ್ವರ ಭಟ್ಟರ ತೋಟದಲ್ಲಿ ಮೊದಲ ಸಲದ ಮದ್ದು ಬಿಡುವಾಗ ಮಧ್ಯಾಹ್ನದ ಹೊತ್ತಿಗೆ ಮೇಲಿನ ದನಿ ನಿಂತಿತು. "ಹಾಂ" ಇಲ್ಲ, "ಸಾಕು" ಇಲ್ಲ.

"ಎಂತ ಮಾರಾಯ, ನಿದ್ದೆಯಾ?" ಸೀನ ಕೂಗಿದ.

"ಭಾವ, ಟವರಿನವರು ನನ್ನ ಹೆಸರು ಹೇಳ್ತಾ ಇದ್ದಾರೆ."

ಪಂಜದ ಗುಡ್ಡೆಯ ಫೋನಿನ ಟವರು ಆ ಮರದ ತುದಿಯಿಂದ ಕಾಣುತ್ತದೆ. ಸೀನನಿಗೆ ಖುಷಿಯಾಯಿತು, ಕೊನೆಗೂ ಹುಡುಗ ಸುಳ್ಳು ಹೇಳಲು ಕಲಿತನಲ್ಲ! "ಹೌದಾ? ನನ್ನ ರೀಚಾರ್ಜು ಮುಗಿದಿದೆ, ಹಾಕ್ಲಿಕ್ಕೆ ಹೇಳು."

ಮೇಲಿಂದ ನಗು ಬರಲಿಲ್ಲ. ಊಟಕ್ಕೆ ಕರೆದರೆ ಇಳಿಯಲಿಲ್ಲ. ಚಹಾಕ್ಕೆ ಕರೆದರೆ ಇಳಿಯಲಿಲ್ಲ. ಎರಡು ಕೈಯಲ್ಲಿ ಮರವನ್ನು ತಬ್ಬಿ, ಕೆನ್ನೆಯನ್ನು ಅದಕ್ಕೆ ಒತ್ತಿ, ಯಾರಿಗೋ ಸಣ್ಣ ದನಿಯಲ್ಲಿ ಉತ್ತರ ಕೊಡುತ್ತಾ ಕೂತಿದ್ದ. ಸೂರ್ಯ ಕಂತುವ ಹೊತ್ತಿಗೆ ಸುಂದರಿಯೇ ಬಂದು ಬುಡದಲ್ಲಿ ನಿಂತು, "ಮಾಯಿಲ, ನನಗೆ ಕಾಲು ನೋಯ್ತದೆ ಮಗಾ, ಬಾ," ಎಂದ ಮೇಲೆ ಇಳಿದ. ಇಳಿಯುವಾಗ ಅವನ ಕಾಲು ಹಿಡಿತಕ್ಕಾಗಿ ಮರವನ್ನು ತಡಕುತ್ತಿತ್ತು. ಮಂಗಗಳಿಗೆ ಪಾಠ ಹೇಳಿದ ಕಾಲು.

ಆಮೇಲಿನದು ಹೇಳಿ ಸುಖವಿಲ್ಲ. ನಿದ್ದೆ ಹೋಯಿತು, ಊಟ ಹೋಯಿತು. ಹಂಚಿನ ಸಂದಿಗೆಲ್ಲ ಬಟ್ಟೆ ತುರುಕಿದ, ಮಾತು ಒಳಗೆ ಬರುತ್ತದೆ ಎಂದು. ಸೀನ ದೈವಕ್ಕೆ ಹರಕೆ ಹೇಳಿದ, ಕೈಗೆ ನೂಲು ಕಟ್ಟಿಸಿದ, ಯಾರೋ ಮಾಟ ಮಾಡಿಸಿದ್ದಾರೆ ಎಂದವರ ಮಾತು ಕೇಳಿ ಅಂಗಳ ಅಗೆದು ನೋಡಿದ. ಕೊನೆಗೆ ಆರೋಗ್ಯ ಕೇಂದ್ರದ ಸಿಸ್ಟರ್ ನಿಖಿತಾ ಮನೆಗೆ ಬಂದು, "ಸೀನಣ್ಣ, ಇದು ಕಾಯಿಲೆ. ಜ್ವರ ಬಂದ ಹಾಗೆ. ತಿಂಗಳಿಗೊಮ್ಮೆ ಸುಳ್ಯದಲ್ಲಿ ಕ್ಯಾಂಪು ಉಂಟು, ಮಡಿಕೇರಿ ಕಡೆಯಿಂದ ಮನಸ್ಸಿನ ಡಾಕ್ಟ್ರು ಬರ್ತಾರೆ. ಕರ್ಕೊಂಡು ಹೋಗಿ," ಎಂದಳು.

ಕ್ಯಾಂಪು ನಡೆಯುವ ಸಭಾಭವನದಲ್ಲಿ ಮೂರು ತಾಲೂಕಿನ ದುಃಖವೆಲ್ಲ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿತ್ತು. ಡಾಕ್ಟರು ಒಬ್ಬರೇ. ಘಟ್ಟದ ಮೇಲಿನವರು, ತೆಳ್ಳಗಿನ ಮನುಷ್ಯ, ಬೆಳಗಿನಿಂದ ನೀರು ಸಹ ಕುಡಿದ ಹಾಗೆ ಕಾಣಲಿಲ್ಲ. ಮಾಯಿಲಪ್ಪನ ಕಣ್ಣು ನೋಡಿದರು, ನಿದ್ದೆ ಕೇಳಿದರು, ದನಿಗಳ ಬಗ್ಗೆ ಕೇಳಿದರು, ಬರೆಯುತ್ತಾ ತಲೆಯೆತ್ತದೆ ಕೇಳಿದರು: "ಏನ್ ಮಾಡ್ತಿದ್ರು ಇವ್ರು ಮೊದ್ಲು?"

"ಮದ್ದು ಬಿಡುದು ಡಾಕ್ಟ್ರೆ," ಎಂದ ಸೀನ.

ಪೆನ್ನು ನಿಂತಿತು. "ಬಿಡೋದಾ? ಯಾವಾಗ್ಲಿಂದ?"

"ಸಣ್ಣದರಿಂದಲೇ. ಇವನ ಅಪ್ಪನೂ ಹಾಗೆಯೇ." ಸೀನನ ಎದೆ ತನ್ನಷ್ಟಕ್ಕೆ ಉಬ್ಬಿತು. "ಇವನಷ್ಟು ಮದ್ದು ಬಿಟ್ಟವರು ಇಡೀ ಜಿಲ್ಲೆಯಲ್ಲಿ ಇಲ್ಲ ಡಾಕ್ಟ್ರೆ."

"ನೋಡಿ, ಅದ್ಕೇ ಹೀಗಾಗಿರೋದು!" ಡಾಕ್ಟರು ಮೇಜಿನ ಮೇಲೆ ಕೈಯಿಟ್ಟರು. "ಇನ್ಮೇಲೆ ಮದ್ದು ಬಿಡಬಾರ್ದು. ಒಂದು ದಿನಾನೂ ಬಿಡಬಾರ್ದು. ಚೆನ್ನಾಗಾಯ್ತು ಅನ್ನಿಸಿದ್ರೂ ಬಿಡಬಾರ್ದು. ಬಿಟ್ರೆ ಮತ್ತೆ ಶುರುವಾಗತ್ತೆ. ಗೊತ್ತಾಯ್ತಾ?"

"ಬಿಡುದಿಲ್ಲ. ಪಂಚಲಿಂಗೇಶ್ವರನ ಆಣೆ, ಇನ್ನು ಇವ ಮದ್ದು ಬಿಡುದಿಲ್ಲ."

ಡಾಕ್ಟರಿಗೆ ಸಂತೋಷವಾಯಿತು. ಅಂಥ ಭಾಷೆ ಕೊಡುವವರು ದಿನಕ್ಕೆ ಎಷ್ಟು ಮಂದಿ ಸಿಗುತ್ತಾರೆ? ಕಾಗದದ ಲಕೋಟೆಯಲ್ಲಿ ಬಿಳಿ ಗುಳಿಗೆ ಕೊಟ್ಟು, ರಾತ್ರಿ ಮಲಗುವ ಮುಂಚೆ ಎಂದು ಹೇಳಿ, ಮುಂದಿನವರನ್ನು ಕರೆದರು.

ವಾಪಸು ಬರುವ ಬಸ್ಸಿನಲ್ಲಿ ಸೀನನ ಬಾಯಿಗೆ ಬಿಡುವಿರಲಿಲ್ಲ. ಸುಳ್ಯ ಬಿಡುವಾಗ ಡಾಕ್ಟರು ಮಡಿಕೇರಿಯವರಾಗಿದ್ದರು, ಗುತ್ತಿಗಾರಿನಲ್ಲಿ ಡೆಲ್ಲಿಯವರಾದರು, ಪಂಜದಲ್ಲಿ ಇಳಿಯುವಾಗ ಲಂಡನ್ನಿನ ರಾಣಿಯ ತಲೆ ನೋಡಿದವರು. "ಒಂದೇ ಮಾತು ಕೇಳಿದ್ದು ಮಾರಾಯ್ರೆ, ಎಂತ ಕೆಲಸ ಅಂತ. ಮದ್ದು ಬಿಡುದು ಅಂದೆ. ಕುರ್ಚಿಯಿಂದ ಹಾರಿದರು! ಮೈಲುತುತ್ತಿನ ವಾಸನೆ ಮೂಗಿನಿಂದ ಸೀದಾ ಮಂಡೆಗೆ ಏರಿದೆ ಅಂತ ಅವರಿಗೆ ಅಲ್ಲೇ ಗೊತ್ತಾಯ್ತು. ಇಷ್ಟು ವರ್ಷ ಯಾರಿಗಾದ್ರೂ ಹೊಳೆದಿತ್ತಾ?"

ಯಾರಿಗೂ ಹೊಳೆದಿರಲಿಲ್ಲ. ಆದರೆ ಕೇಳಿದ ಮೇಲೆ ಎಲ್ಲರಿಗೂ ಸರಿ ಕಂಡಿತು. ನೀಲಿ ನೀರು ಅಂಗಿಯ ಬಟ್ಟೆಯನ್ನೇ ತಿನ್ನುತ್ತದೆ, ಮಂಡೆ ತಿನ್ನದೆ ಇದ್ದೀತೇ?

ಸೀನ ಹಿಡಿದ ಪಥ್ಯವನ್ನು ಋಷಿಗಳೂ ಹಿಡಿದಿರಲಿಕ್ಕಿಲ್ಲ. ನೀಲಿ ಕಲೆಯ ಬಟ್ಟೆಗಳನ್ನು ಸುಟ್ಟ. ಪೈಪು, ಡ್ರಮ್ಮು ಮನೆಯಿಂದ ದಾಟಿಸಿದ. ಬೇರೆಯವರ ಜೊತೆ ಪಂಪಿಗೆ ಹೋದರೆ ತನ್ನ ಮೈಯಲ್ಲೇ ವಾಸನೆ ಮನೆಗೆ ಬಂದೀತೆಂದು ಆ ಕೆಲಸವನ್ನೇ ಬಿಟ್ಟು, ಪೇಟೆಯಲ್ಲಿ ಲಾರಿಗೆ ಮೂಟೆ ಹೊತ್ತ. ಸುಂದರಿ ಮಾತ್ರ ರಾತ್ರಿಯ ಗುಳಿಗೆ ತಪ್ಪಿಸಲಿಲ್ಲ. ಕೊಟ್ಟದ್ದು ತಿನ್ನಿಸುವುದು ಎಂದು ಅವಳ ಲೆಕ್ಕ.

ಮಾಯಿಲಪ್ಪ ಮೊದಲು ದಿನವಿಡೀ ಮಲಗಿದ. ಆಮೇಲೆ ಹಸಿವೆ ಬಂತು. ಟವರಿನವರು ಗುಸುಗುಸು ಮಾತ್ರ ಮಾಡುತ್ತಾರೆ ಎಂದ. ಆಟಿ ತಿಂಗಳ ಜಡಿಮಳೆಯ ಒಂದು ಮಧ್ಯಾಹ್ನ ಹಲಸಿನ ಬೀಜ ಸುಡುತ್ತಾ ಸೀನ, ತಾನು ಹೊತ್ತ ಅಕ್ಕಿಮೂಟೆಯ ಒಳಗೆ ಅಂಗಡಿಯವ ನಿದ್ದೆ ಮಾಡುತ್ತಿದ್ದ ಎಂದು ಹೇಳಿದಾಗ, ಮಾಯಿಲಪ್ಪ ನಕ್ಕ. ಸುಂದರಿ ಅಡುಗೆಮನೆಗೆ ಓಡಿ ಬಾಯಿಗೆ ಸೆರಗು ಒತ್ತಿ ಅತ್ತಳು.

ತಿರುಮಲೇಶ್ವರ ಭಟ್ಟರು ಕೊಡೆ ಹಿಡಿದು ಬಂದರು. ಅವರ ತೋಟಕ್ಕೆ ಕೊಳೆ ಕಾಲಿಟ್ಟಿತ್ತು.

"ಸೀನ, ಒಂದೇ ಸಲ ಮಾರಾಯ. ಅವ ಗಟ್ಟಿಮುಟ್ಟಾಗಿ ಇದ್ದಾನಲ್ಲ. ಕಳಿಸು."

"ಆಗುದಿಲ್ಲ ಭಟ್ರೆ. ಡಾಕ್ಟ್ರು ಕಾಲು ಹಿಡಿದು ಹೇಳಿದ್ದಾರೆ."

"ಡಾಕ್ಟ್ರು ನಿನ್ನ ಕಾಲು ಹಿಡಿದ್ರಾ?"

"ಎರಡೂ ಕಾಲು."

ಭಟ್ಟರಿಗೆ ಸಿಟ್ಟಿನ ನಡುವೆಯೂ ನಗು ಬಂತು. "ಹೋಗ್ಲಿ, ಹುಡುಗ ಸೌಖ್ಯ ಇದ್ರೆ ಸಾಕು," ಎಂದು ಹೋದರು.

ಗುಳಿಗೆ ಮುಗಿಯುವ ಹೊತ್ತಿಗೆ ಸಂಪಾಜೆಯ ಮೇಲೆ ಘಾಟಿ ಜರಿದು, ಗುಡ್ಡವೇ ರಸ್ತೆಗೆ ಬಂದು ಕೂತಿತು. ಲಾರಿ ಇಲ್ಲ, ಬಸ್ಸಿಲ್ಲ, ಡಾಕ್ಟರೂ ಇಲ್ಲ. ಕ್ಯಾಂಪು ಮುಂದಿನ ತಿಂಗಳು ಎಂದು ನಿಖಿತಾ ಹೇಳಿ ಕಳಿಸಿದಳು. ಸೀನ ಪಂಜದಲ್ಲಿ ಹಕೀಮನ ಮೆಡಿಕಲ್ಲಿಗೆ ಹೋಗಿ ಖಾಲಿ ಲಕೋಟೆ ತೋರಿಸಿದ.

"ಈ ಗುಳಿಗೆ ಇಲ್ಲಿ ಇಡುದಿಲ್ಲ ಸೀನಣ್ಣ," ಎಂದ ಹಕೀಮ್. "ತಲೆದ್ದಲ್ವಾ, ಚೀಟಿ ಇಲ್ಲದೆ ಕೊಡ್ಲಿಕ್ಕೂ ಇಲ್ಲ. ಕಡಬದಲ್ಲಿ ಕೇಳಿ ನೋಡಿ."

ಕಡಬದ ಅಂಗಡಿಯವ, ಲಕೋಟೆ ಸಾಲದು, ಡಾಕ್ಟರ ಚೀಟಿ ಬೇಕು, ಗುಳಿಗೆ ಇದ್ದರೂ ಪುತ್ತೂರಿನಲ್ಲೇ ಇದ್ದೀತು ಎಂದ. ಸೀನನ ಮೂಟೆ ಹೊರುವ ದಿನ ಒಂದು ಹಾಳಾಯಿತು. ಮನೆಗೆ ಬಂದು ಕೈ ಕೊಡವಿದ.

"ಮತ್ತೆ? ಗುಳಿಗೆ ಇಲ್ಲದೆ ಆಗ್ತದಾ?" ಸುಂದರಿ ಕೇಳಿದಳು.

"ಅದೆಂತ ದೊಡ್ಡದಲ್ಲ. ಊಟದ ಜೊತೆ ಉಪ್ಪಿನಕಾಯಿ ಇದ್ದ ಹಾಗೆ ಅದು. ಡಾಕ್ಟ್ರು ಹತ್ತು ಸಲ ಹೇಳಿದ್ದು ಗುಳಿಗೆಯದ್ದಾ? ಅಲ್ಲ. ಮದ್ದು ಬಿಡಬಾರ್ದು ಅಂತ. ಅದನ್ನು ನಾವು ಬಿಡ್ತಾ ಇದ್ದೇವಾ? ಇಲ್ಲ. ನೀನು ಸುಮ್ಮನೆ ಇರು."

ಸುಂದರಿ ಚಾಪೆ ಬಿಡಿಸಿದಳು. ಮನೆಯಲ್ಲಿ ಅವರಿಬ್ಬರೂ ಅಷ್ಟು ನೆಮ್ಮದಿಯಿಂದ ಮಲಗಿದ್ದು ಅದೇ ಕೊನೆ.

ಆಟಿ ಕಳೆದು ಸೋಣ ತಿಂಗಳು ಬರುವಾಗ ಮಾಯಿಲಪ್ಪ ಮತ್ತೆ ಹಂಚಿನ ಸಂದಿ ನೋಡಲು ತೊಡಗಿದ. ಒಂದು ಬೆಳಿಗ್ಗೆ ತಟ್ಟೆ ದೂಡಿ, "ಭಾವ, ಟವರಿನವರು ಬಂದ್ರು. ಅನ್ನ ನೀಲಿ ಮಾಡಿದ್ದಾರೆ," ಎಂದ.

ಸೀನ ಎದ್ದು ಮೂಗು ಅರಳಿಸಿ ಗಾಳಿ ಎಳೆದ. ಸರಿಯಾಗಿತ್ತು ಅವನ ಊಹೆ! ಆಚೆ ಬದಿಯ ತೋಟದಲ್ಲಿ ಯಾರೋ ಮೋಟಾರು ಪಂಪು ಇಟ್ಟು ಮದ್ದು ಬಿಡುತ್ತಿದ್ದರು. ಓಡಿಹೋಗಿ, ನನ್ನ ಮನೆ ಕಡೆಗೆ ಗಾಳಿ ಬೀಸುವಾಗ ಬಿಟ್ಟರೆ ಜಾಗ್ರತೆ ಎಂದು ಅವರ ಪೈಪಿನ ಮೇಲೆ ನಿಂತು ಬೊಬ್ಬೆ ಹೊಡೆದ. "ಗಾಳಿಗೆ ನಾವು ಹೇಳುದಾ ಮಾರಾಯ?" ಎಂದು ಅವರು ನಕ್ಕರು. ಸೀನ ಬಂದು ಮಾಯಿಲಪ್ಪನ ಕೋಣೆಯ ಕಿಟಕಿಗೆ ಗೊಬ್ಬರದ ಚೀಲ ಇಟ್ಟು ಮೊಳೆ ಹೊಡೆದ. ಬಾಗಿಲ ಸಂದಿಗೆ ಗೋಣಿ ತುರುಕಿದ. ಹಂಚಿನ ಕೆಳಗೆ ಟಾರ್ಪಾಲು ಕಟ್ಟಿದ. ಪಕ್ಕದ ಮನೆಯ ದೀಪದ ಹೊಗೆ ಸಹ ಒಳಗೆ ಬಾರದಷ್ಟು ಭದ್ರ. ಆ ಕತ್ತಲೆಯಲ್ಲಿ ಮಾಯಿಲಪ್ಪ ಮೂಲೆಗೆ ಬೆನ್ನು ಕೊಟ್ಟು, ಕಿವಿಗೆ ಎರಡು ಕೈ ಒತ್ತಿ, ಮೈ ತೂಗುತ್ತಾ ಕೂತ. ಹೊರಗೆ ಬರಲು ಕೇಳಲಿಲ್ಲ. ಭಾವ ಮುಚ್ಚಿದ್ದಾರೆಂದರೆ ಕಾರಣ ಉಂಟು ಎಂದೇ ಅವನ ನಂಬಿಕೆ.

ಘಾಟಿಯ ಮಣ್ಣು ತೆಗೆದ ಮೇಲೆ ಕ್ಯಾಂಪು ಬಂತು. ಮಾಯಿಲಪ್ಪ ಕೋಣೆ ಬಿಟ್ಟು ಏಳಲಿಲ್ಲ, ಸೀನ ಒಬ್ಬನೇ ಹೋದ. ಡಾಕ್ಟರಲ್ಲಿ ಜಗಳ ಮಾಡುವುದೇ ಅವನ ಇರಾದೆ. ಇಷ್ಟು ಪಥ್ಯ ಮಾಡಿದರೂ ಹೀಗಾದರೆ ನೀವೆಂತ ಡಾಕ್ಟ್ರು ಎಂದು ಕೇಳಬೇಕು. ದಾರಿಯುದ್ದಕ್ಕೂ ಮಾತು ಮಸೆದಿದ್ದ.

ಸಾಲು ರಸ್ತೆಯ ತನಕ ಇತ್ತು. ಸೀನನ ಮುಂದೆ ಕಡಬದ ಕಡೆಯ ಒಬ್ಬ ಹೆಂಗಸು. ಕೂದಲು ನೆರೆತಿತ್ತು, ಬೆರಳ ತುದಿ ಹೊಗೆಸೊಪ್ಪಿನಿಂದ ಕಂದಾಗಿತ್ತು. ಅವಳ ಸರದಿ ಬಂದಾಗ ಡಾಕ್ಟರ ದನಿ ಹೊರಗೆ ಕೇಳಿತು: "ಮತ್ತೆ ಮದ್ದು ಬಿಟ್ರಾ? ಬಿಡಬೇಡಿ ಅಂತ ಎಷ್ಟು ಸಲ ಹೇಳ್ಬೇಕು ಅಮ್ಮಾ!"

ಸೀನನ ಮಸೆದ ಮಾತು ಬಾಯಲ್ಲೇ ನಿಂತಿತು. ಈ ಪ್ರಾಯದಲ್ಲಿ ಅಡಿಕೆ ಮರ! ಅವಳು ಹೊರಗೆ ಬಂದಾಗ ತಡೆಯಲಾರದೆ ಕೇಳಿದ: "ಅಕ್ಕ, ನೀವೂ ಮರ ಹತ್ತುದಾ?"

"ಎಂತ ಮರ?" ಅವಳು ಅವನನ್ನು ಮೇಲಿಂದ ಕೆಳಗೆ ನೋಡಿದಳು. "ನಾನು ಬೀಡಿ ಕಟ್ಟುದು."

"ಮತ್ತೆ ಡಾಕ್ಟ್ರು ಹೇಳಿದ್ರಲ್ಲ, ಮದ್ದು ಬಿಟ್ಟದ್ದು ಅಂತ?"

"ಗುಳಿಗೆ ತಿನ್ನದೆ ಇದ್ದದ್ದಕ್ಕೆ ಬೈದದ್ದು ಮಾರಾಯ. ನಿನಗೆ ಕಿವಿ ಕೇಳುದಿಲ್ವಾ?"

ಅವಳು ಹೋದಳು. ಸೀನ ನಿಂತೇ ಇದ್ದ. ಹಿಂದಿನವರು ದೂಡಿದರು. ಒಳಗೆ ಹೋಗಿ ಕುರ್ಚಿಯ ತುದಿಯಲ್ಲಿ ಕೂತವನಿಗೆ, "ಮದ್ದು ಅಂದರೆ ಗುಳಿಗೆಯಾ ಡಾಕ್ಟ್ರೆ?" ಎಂದು ಕೇಳುವಷ್ಟು ಮಾತ್ರ ಉಸಿರಿತ್ತು.

"ಇನ್ನೇನು? ನಿಮ್ಮ ಕಡೆಯವ್ರಿಗೆ ಅರ್ಥ ಆಗ್ಲಿ ಅಂತಾನೇ ಆ ಪದ ಕಲ್ತಿದ್ದು ನಾನು," ಎಂದರು ಡಾಕ್ಟರು. ಸೀನನ ಮುಖ ನೋಡಿ ಪೆನ್ನು ಇಟ್ಟರು. ಸೀನ ಹೇಳಿದ. ಉಪ್ಪು ಖಾರ ಇಲ್ಲದೆ ಅವನು ಹೇಳಿದ ಮೊದಲ ಕಥೆ ಅದು. ಬಟ್ಟೆ ಸುಟ್ಟದ್ದು, ಚೀಲ ಹೊಡೆದದ್ದು, ಉಪ್ಪಿನಕಾಯಿ ಎಂದದ್ದು. ಡಾಕ್ಟರು ಕುರ್ಚಿಯನ್ನು ಅವನ ಹತ್ತಿರ ಎಳೆದುಕೊಂಡರು. ಆಮೇಲೆ, "ಮೊದ್ಲು ಆ ಕಿಟಕಿ ತೆಗೀರಿ. ಮದ್ದು, ಅಲ್ಲ, ಗುಳಿಗೆ, ಗುಳಿಗೆ ಶುರು ಮಾಡಿ. ಇನ್ನೂ ತಡ ಆಗಿಲ್ಲ. ಹೇಗಾದ್ರೂ ಒಂದ್ಸಲ ಕರ್ಕೊಂಡು ಬನ್ನಿ," ಎಂದರು. ಆದರೆ ಎರಡು ತಿಂಗಳ ಜನ ಒಂದೇ ದಿನ ಬಂದದ್ದರಿಂದ ಪೆಟ್ಟಿಗೆಯಲ್ಲಿ ಗುಳಿಗೆ ಮುಗಿದಿತ್ತು. ಚೀಟಿ ಬರೆದುಕೊಟ್ಟರು.

ಪುತ್ತೂರಿನ ಬಸ್ಸಿನಲ್ಲಿ ಸೀನ ಬಾಯಿ ಬಿಡಲಿಲ್ಲ. ಪರಿಚಯದ ಕಂಡಕ್ಟರು ಅವನಿಗೆ ಜ್ವರವೋ ಎಂದು ಹಣೆ ಮುಟ್ಟಿ ನೋಡಿದ. ಪುತ್ತೂರು ಪೇಟೆಯಲ್ಲಿ ಮೆಡಿಕಲ್ಲುಗಳಿಗೆ ಬರವಿಲ್ಲ, ಎಡವಿ ಬಿದ್ದರೆ ಮೆಡಿಕಲ್ಲಿನ ಮೆಟ್ಟಿಲ ಮೇಲೆಯೇ ಬೀಳಬೇಕು. ಆದರೆ ಒಂದರಲ್ಲಿ ಈ ಕಂಪೆನಿಯದ್ದಿಲ್ಲ, ಇನ್ನೊಂದರಲ್ಲಿ ನಾಳೆ ಬನ್ನಿ, ಮತ್ತೊಂದರಲ್ಲಿ ಅಂಗಡಿಯವ ಚೀಟಿ ಓದಿ, ತಲೆಯದ್ದು, ಯಾರಿಗೆ ಎಂದು ಕೇಳಿದಾಗ ಪಕ್ಕದಲ್ಲಿದ್ದ ಹುಡುಗಿಯರು ಸರಿದು ನಿಂತರು. ಸಂಜೆಯ ಹೊತ್ತಿಗೆ ಒಂದು ಸಣ್ಣ ಅಂಗಡಿಯಲ್ಲಿ ಸಿಕ್ಕಿತು. "ಉಳಿದದ್ದೆಲ್ಲ ಕೊಟ್ಟಿದ್ದೇನೆ, ಇನ್ನು ಬರುವುದು ಯಾವಾಗ ಅಂತ ಗೊತ್ತಿಲ್ಲ," ಎಂದ ಅಂಗಡಿಯವ. ಸೀನ ಗುಳಿಗೆಯನ್ನೂ ಚೀಟಿಯನ್ನೂ ಒಂದೇ ಪ್ಲಾಸ್ಟಿಕ್ ತೊಟ್ಟೆಯಲ್ಲಿ ಸುತ್ತಿ, ಅಂಗಿಯ ಒಳಗೆ, ಚರ್ಮಕ್ಕೆ ತಾಗಿಸಿ ಇಟ್ಟುಕೊಂಡ.

ಮನೆ ಮುಟ್ಟಿ ಸುಂದರಿಗೆ ಎಲ್ಲ ಹೇಳುವಾಗ ನಡುರಾತ್ರಿ ಕಳೆದಿತ್ತು. ಮರುದಿನ ಬೆಳಿಗ್ಗೆ ಅವಳು ಭಟ್ಟರಲ್ಲಿಗೆ ಕೆಲಸಕ್ಕೆ ಹೋದ ಮೇಲೆ ಕಿಟಕಿಯ ಚೀಲ ಕಿತ್ತ. ಬೆಳಕು ಬಿದ್ದಾಗ ಮಾಯಿಲಪ್ಪ ಕಣ್ಣು ಮುಚ್ಚಿಕೊಂಡ. ಗಡ್ಡ ಬೆಳೆದಿತ್ತು. ಕೈ ಕಡ್ಡಿಯಾಗಿತ್ತು.

ಸೀನ ಎದುರು ಕೂತು, ಅಂಗೈಯಲ್ಲಿ ಗುಳಿಗೆ ಇಟ್ಟು ಹೇಳಿದ: "ಮಾಯಿಲ, ನಾನು ಹೇಳಿದ್ದು ಪೂರ್ತಿ ತಪ್ಪು. ಮೈಲುತುತ್ತಿನಿಂದ ಆದದ್ದಲ್ಲ. ಬಿಡಬಾರ್ದು ಅಂತ ಡಾಕ್ಟ್ರು ಹೇಳಿದ್ದು ಇದನ್ನು. ಇದು ತಿಂದ್ರೆ ನೀನು ಮೊದಲಿನ ಹಾಗೆ ಆಗ್ತಿ."

ಮಾಯಿಲಪ್ಪ ಬೆರಳ ಸಂದಿಯಿಂದ ನೋಡಿದ. ತುಟಿಯಲ್ಲಿ ಎಷ್ಟೋ ದಿನದ ಮೇಲೆ ಒಂದು ಸಣ್ಣ ನಗು ಬಂತು. ಹಳೆಯ ನಗುವೇ, ಮರದ ತುದಿಯಿಂದ ಬರುತ್ತಿದ್ದದ್ದು. "ಭಾವ ಸುಳ್ಳು ಹೇಳ್ತಾರೆ."

"ಸುಳ್ಳಲ್ಲ ಮಾರಾಯ. ಸುಂದರಿಯ ಆಣೆ."

"ಅದರ ಒಳಗೆ ಮೈಲುತುತ್ತು ಉಂಟು. ಟವರಿನವರು ಹೇಳಿದ್ರು. ಭಾವನಿಗೆ ಗೊತ್ತಿಲ್ಲದೆ ಹಾಕಿದ್ದಾರೆ. ಭಾವನನ್ನೂ ಕೊಲ್ತಾರೆ."

ಗಾಳಿಯನ್ನು ಹಗ್ಗ ಮಾಡಿ ಮಾರಿದವನು ಸೀನ. ಲಂಡನ್ನಿನ ರಾಣಿಯನ್ನು ಪಂಜಕ್ಕೆ ತಂದವನು. ಬಿಳಿಯ ಒಂದು ಗುಳಿಗೆಯನ್ನು ಒಬ್ಬನಿಗೆ ನಂಬಿಸಲು ಅವನಿಂದ ಆಗಲಿಲ್ಲ. ಬೇಡಿದ, ಬೈದ, ಅತ್ತ. ಕೊನೆಗೆ, "ನೋಡು ಹಾಗಾದ್ರೆ," ಎಂದು ತಾನೇ ಒಂದು ಬಾಯಿಗೆ ಹಾಕಿ ನೀರು ಕುಡಿದ. ಬಾಯಿ ತೆರೆದು ನಾಲಗೆ ತೋರಿಸಿದ. "ಎಂತ ಆಯ್ತು? ಎಂತ ಆಗ್ಲಿಲ್ಲ!" ಮಾಯಿಲಪ್ಪ ನಂಬಿದ ಹಾಗೆ ಕಾಣಲಿಲ್ಲವೆಂದು ಇನ್ನೊಂದನ್ನೂ ನುಂಗಿದ.

ಸ್ವಲ್ಪ ಹೊತ್ತಿನಲ್ಲಿ ಕೋಣೆ ನಿಧಾನವಾಗಿ ವಾಲಿತು. ನಾಲಗೆ ದಪ್ಪವಾಯಿತು. ಎದುರು ಕೂತ ಮಾಯಿಲಪ್ಪ ದೂರ ಹೋದ. ಇಷ್ಟು ಭಾರವನ್ನು ಹುಡುಗ ದಿನಾ ರಾತ್ರಿ ಹೊತ್ತಿದ್ದನೇ ಎಂದು ಸೀನನಿಗೆ ಅನಿಸಿತು. ನಿದ್ದೆ ಮಾಡಬಾರದು, ಬಿದ್ದರೆ ಇವನು ಹೆದರುತ್ತಾನೆ ಎಂದುಕೊಂಡ. ಅಷ್ಟರಲ್ಲಿ ತಲೆ ಗೋಡೆಗೆ ಬಡಿಯಿತು.

ಎಚ್ಚರವಾಗುವಾಗ ಬಿಸಿಲು ಇಳಿದಿತ್ತು. ಸೀನ ಚಾಪೆಯ ಮೇಲಿದ್ದ. ತಲೆಯ ಕೆಳಗೆ ಯಾರೋ ಬಟ್ಟೆ ಮಡಚಿ ಇಟ್ಟಿದ್ದರು. ಬಾಗಿಲಲ್ಲಿ ಸುಂದರಿ, ಕೆಲಸದಿಂದ ಆಗಷ್ಟೇ ಬಂದವಳು, ಚೌಕಟ್ಟು ಹಿಡಿದು ಅಳುತ್ತಿದ್ದಳು. ಪಕ್ಕದಲ್ಲಿ ಮಾಯಿಲಪ್ಪ. ಅಷ್ಟು ದಿನ ಕೋಣೆ ಬಿಟ್ಟು ಏಳದವನು ಹೊರಗೆ ಹೋಗಿ ಬಂದಿದ್ದ. ಮೊಣಕಾಲ ತನಕ ಒದ್ದೆಯಾಗಿದ್ದ, ಕಾಲಲ್ಲಿ ತೋಡಿನ ಕೆಸರಿತ್ತು. ಕೈಯಲ್ಲಿ ಗಂಜಿಯ ಬಟ್ಟಲು.

"ಎಲ್ಲಿ?" ಸೀನ ಅಂಗಿಯ ಒಳಗೆ ಕೈಹಾಕಿದ. ನೆಲ ತಡವಿದ. "ತೊಟ್ಟೆ ಎಲ್ಲಿ ಮಾಯಿಲ?"

"ತೋಡಿಗೆ ಹಾಕಿದೆ ಭಾವ. ಎಲ್ಲ, ಚೀಟಿ ಸಮೇತ. ನೀರು ಜೋರುಂಟು, ಹೋಗಿಯಾಯ್ತು." ಮಾಯಿಲಪ್ಪ ಅವನ ಹಣೆಯ ಬೆವರನ್ನು ತನ್ನ ಅಂಗೈಯಿಂದ ಒರೆಸಿದ. "ನೀವು ಸತ್ತಿರಿ ಅಂತ ಮಾಡಿದ್ದೆ. ಕರೆದರೆ ಏಳಲಿಲ್ಲ. ಟವರಿನವರು ನಗ್ತಾ ಇದ್ರು. ಇನ್ನು ಎಂತ ಆಗುದಿಲ್ಲ ಭಾವ, ನಾನುಂಟು."

ಸುಂದರಿ ಚೌಕಟ್ಟಿನಿಂದ ಜಾರಿ ಹೊಸ್ತಿಲ ಮೇಲೆ ಕೂತಳು.

ಸೀನ ಮನಸ್ಸಿನಲ್ಲೇ ಲೆಕ್ಕ ಹಾಕಿದ. ಪುತ್ತೂರಿನ ಸಣ್ಣ ಅಂಗಡಿ ಖಾಲಿ. ಕ್ಯಾಂಪು ಇನ್ನು ಮುಂದಿನ ತಿಂಗಳು, ಘಾಟಿ ಮತ್ತೆ ಜರಿಯದಿದ್ದರೆ.

"ಬಾಯಿ ತೆರೆಯಿರಿ," ಎಂದ ಮಾಯಿಲಪ್ಪ, ಚಮಚವನ್ನು ಊದಿ ಆರಿಸಿ, ಸಣ್ಣ ಮಗುವಿಗೆ ಹೇಳುವ ಹಾಗೆ. "ಸ್ವಲ್ಪ. ನನಗೋಸ್ಕರ."

ಸೀನ ಬಾಯಿ ತೆರೆದ. ಗಂಜಿಗೆ ಉಪ್ಪು ಹಾಕಿರಲಿಲ್ಲ. ನುಂಗಿದ.